ಮಂಡಳಿಯ ಕಾರು ಮತ್ತು ಮಡಿ ಟವೆಲು

ಧಾರವಾಡದ ವಿಭಾಗೀಯ ಬಟ್ಟೆಚೀಲ ಪ್ರೋತ್ಸಾಹ ಮಂಡಳಿಯ ಕಾರು ಒದ್ದೆಯಾದಾಗ ಅದನ್ನು ಒಣಗಿಸುವ ಜವಾಬ್ದಾರಿ ಸೂರ್ಯನದಲ್ಲ, ಮಂಡಳಿಯದು. ಹೀಗೆಂದು ಸುತ್ತೋಲೆಯೇ ಇದೆ. ಅದನ್ನು ಬರೆದವರು ಮಂಡಳಿಯ ಅಧೀಕ್ಷಕರಾದ ಪಂಢರಿನಾಥ ಅವರು. ಸೂರ್ಯನಿಗೂ ಒಂದು ಪ್ರತಿ ಕಳಿಸಬೇಕೇ ಎಂದು ಯಾರೋ ಕೇಳಿದಾಗ, ವಿಳಾಸ ಸಿಕ್ಕರೆ ಅಡ್ಡಿಯಿಲ್ಲ ಎಂದು ಟಿಪ್ಪಣಿ ಬರೆದವರೂ ಅವರೇ.

ಪಂಢರಿನಾಥರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಇಡೀ ಸೇವೆಯಲ್ಲಿ ಅವರು ಮಂಡಳಿಯಿಂದ ಏನನ್ನೂ ಬಯಸಿದವರಲ್ಲ. ಬಯಸಿದ್ದು ಒಂದೇ. ನಿವೃತ್ತರಾದವರಿಗೆ ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ, ಕಚೇರಿಯ ಕಾರಿನಲ್ಲಿ ಮನೆಯ ಬಾಗಿಲವರೆಗೆ ಬಿಟ್ಟುಬರುವುದು ಮಂಡಳಿಯ ಪದ್ಧತಿ. ಹುಬ್ಬಳ್ಳಿಯ ವಿದ್ಯಾನಗರದಿಂದ ಧಾರವಾಡಕ್ಕೆ ಅವರು ಮೊದಲು ಕೆಂಪು ಬಸ್ಸಿನಲ್ಲಿ, ಆಮೇಲೆ ಎರಡೂ ಊರುಗಳ ನಡುವೆ ಹೊಸದಾಗಿ ಬಂದ ಚಿಗರಿ ಎಂಬ ಬಸ್ಸಿನಲ್ಲಿ, ಎರಡರಲ್ಲೂ ನಿಂತುಕೊಂಡೇ ಓಡಾಡಿದವರು. ಒಂದೇ ಒಂದು ಸಲ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ತಮ್ಮ ಓಣಿಗೆ ಬರಬೇಕು, ಓಣಿಯವರು ಬಾಗಿಲಿಗೆ ಬಂದು ನೋಡಬೇಕು. ಹೆಂಡತಿ ಮಂದಾಕಿನಿಯಂತೂ ಈ ಸುದ್ದಿಯನ್ನು ಹಾಲಿನವನಿಂದ ಹಿಡಿದು ಎಲ್ಲರಿಗೂ ಹಂಚಿಯಾಗಿತ್ತು.

ಹಳೆಯ ಕಾರು ಗುಜರಿಗೆ ಹೋಗಿ, ಹೊಸ ಕಾರು ಬಂದದ್ದೂ ಅದೇ ವರ್ಷ. ಕಪ್ಪು ಬಣ್ಣದ್ದು. ಧಾರವಾಡದಂಥ ಧೂಳಿನ ಊರಿಗೆ ಕಪ್ಪು ಕಾರನ್ನೇ ಯಾಕೆ ಆರಿಸಿದರು ಎಂದು ಕೇಳಬಾರದು. ಆರಿಸಿದವರು ಬೆಂಗಳೂರಿನಲ್ಲಿದ್ದರು. ಚಾಲಕ ಶಾಂತಯ್ಯ ಅದನ್ನು ಕೊಳವೆಬಾವಿಯ ನೀರಿನಲ್ಲಿ ತೊಳೆದು, ಬಿಸಿಲಿಗೆ ನಿಲ್ಲಿಸಿ, ಚಹಾ ಕುಡಿಯಲು ಹೋದ. ನೀರು ಗಡಸು. ಬಂದು ನೋಡುವಷ್ಟರಲ್ಲಿ ಕಾರಿನ ಮೈತುಂಬ ಸುಣ್ಣದ ಬಿಳಿ ಚುಕ್ಕೆ.

ಉಪನಿರ್ದೇಶಕಿ ರಾಜೇಶ್ವರಿ ಮೇಡಂ ಹೊರಗೆ ಬಂದರು. ಕಾರನ್ನು ಒಂದು ಸುತ್ತು ಹಾಕಿದರು.

“ಶಾಂತಯ್ಯ, ಇದಕ್ಕ ಚುಕ್ಕಿ ಇಟ್ಟೀಯಲ್ಲ, ರಂಗೋಲಿ ಎಳಿಯೂದು ಯಾವಾಗ?”

“ಒರಸೀನ್ರೀ ಮೇಡಂ,” ಎಂದು ಶಾಂತಯ್ಯ ಹೆಗಲ ಮೇಲಿನ ಚೌಕಡಿ ಟವೆಲು ತೋರಿಸಿದ. ಒರೆಸಿದ್ದೂ ಕಾಣುತ್ತಿತ್ತು. ಚುಕ್ಕೆಯಿಲ್ಲದ ಕಡೆ ಗೆರೆಗಳಿದ್ದವು, ಗೆರೆಯಿಲ್ಲದ ಕಡೆ ಟವೆಲಿನ ಎಳೆಗಳಿದ್ದವು.

ಆ ಸಂಜೆಯೇ ಕಾರು ಒರೆಸುವ ಬಟ್ಟೆಯ ಆಯ್ಕೆ ಸಮಿತಿ ರಚನೆಯಾಯಿತು. ಪಂಢರಿನಾಥರು ಅಧ್ಯಕ್ಷರು. ಸದಸ್ಯರು ಒಬ್ಬರೇ, ಉಪ್ಪಿನಬೆಟಗೇರಿಯ ಗುಮಾಸ್ತ ಗುರುಶಿದ್ದಪ್ಪ; ಇನ್ನಾರು ತಿಂಗಳಿಗೆ ಅವರದೂ ನಿವೃತ್ತಿ. ಮೈಕ್ರೋಫೈಬರ್ ಟವೆಲು ಮಾರುವ ಅತುಲ ಎಂಬಾತ ಹುಬ್ಬಳ್ಳಿಯಿಂದ ಚೀಲ ತುಂಬ ಮಾದರಿ ತಂದ. ಮೇಜಿನ ಗಾಜಿನ ಮೇಲೆ ತಂಬಿಗೆ ನೀರು ಸುರಿದು, ಟವೆಲು ಹಾಸಿ, ಎರಡು ತುದಿ ಹಿಡಿದು ತನ್ನ ಕಡೆ ಎಳೆದ. ನೀರೆಲ್ಲ ಟವೆಲಿನ ಹೊಟ್ಟೆಗೆ ಹೋಯಿತು. ಗಾಜಿನಲ್ಲಿ ಫ್ಯಾನು ತಿರುಗುವುದು ಕಾಣಿಸಿತು.

ಗುರುಶಿದ್ದಪ್ಪ ಒಂದನ್ನೆತ್ತಿ ಮುಖ ಒರೆಸಿಕೊಂಡು ಪರೀಕ್ಷಿಸಿದರು. “ಗಡ್ಡಕ್ಕ ಹಿಡೀತೈತ್ರಿ,” ಎಂದು ಅಭಿಪ್ರಾಯ ಕೊಟ್ಟರು. ಕಾರಿಗೆ ಗಡ್ಡವಿಲ್ಲದ್ದರಿಂದ ಆಕ್ಷೇಪಣೆಯನ್ನು ತಳ್ಳಿಹಾಕಲಾಯಿತು.

ಅತುಲ ಬಳಕೆಯ ಕ್ರಮ ಹೇಳತೊಡಗಿದ. “ಇದನ್ನ ಬ್ಯಾರೆ ಅರಬಿ ಜೋಡಿ ಒಗೀಬಾರದ್ರಿ. ನೆಳ್ಳಾಗ ಒಣಗಸ್ಬೇಕು. ಗಾಜಿಗೆ ಬ್ಯಾರೆ, ಮೈಗೆ ಬ್ಯಾರೆ, ಗಾಲಿಗೆ ಬ್ಯಾರೆ. ನೆಲಕ್ಕ ಬಿತ್ತಂದ್ರ ಮುಗೀತು, ಹರಳು ಹತ್ತಿರ್ತದ, ಮತ್ತ ಮೈಗೆ ಮುಟ್ಟಸೂಹಂಗಿಲ್ಲ. ಉಂಗುರಾ, ಗಡಿಯಾರ ತಗದ ಮುಟ್ಟಬೇಕು.”

ಕೇಳುತ್ತ ಕೇಳುತ್ತ ಪಂಢರಿನಾಥರ ಕಣ್ಣು ತುಂಬಿ ಬಂತು. “ಇದು ನಮ್ಮ ಅವ್ವನ ಮಡಿ ಅಲ್ಲೇನೋ ತಮ್ಮಾ!” ಎಂದರು.

ಅವರು ಬೆಳೆದ ಮನೆಯಲ್ಲಿ ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ತೊಲೆಯ ಕೆಳಗಿನ ಗಳಕ್ಕೆ ಹಾಕುತ್ತಿದ್ದರು. ಆಟದ ಭರದಲ್ಲಿ ಹುಡುಗ ಪಂಢರಿ ಅದನ್ನು ಮುಟ್ಟಿದರೆ ಸೀರೆ ಮತ್ತೆ ನೀರಿಗೆ, ಹುಡುಗ ಅಂಗಳಕ್ಕೆ. ಆಗ ಅರ್ಥವಾಗದಿದ್ದುದು ಈಗ ಸರ್ಕಾರಿ ಖರ್ಚಿನಲ್ಲಿ ಅರ್ಥವಾಯಿತು. ಎರಡು ಡಜನ್ ಟವೆಲು ಖರೀದಿಯಾದವು. ಒಂದು ಡಜನ್ನನ್ನು ರಾಜೇಶ್ವರಿ ಮೇಡಂ ಪ್ರಾಯೋಗಿಕ ಬಳಕೆಗೆಂದು ಮನೆಗೆ ಒಯ್ದರು. ಪ್ರಯೋಗ ಇನ್ನೂ ನಡೆದಿದೆ. ಗುರುಶಿದ್ದಪ್ಪ ಎರಡನ್ನು ಮೊಮ್ಮಗಳ ಮೈ ಒರೆಸಿ ನೋಡಲು ಒಯ್ದರು, ಯಾಕೆಂದರೆ ಅವಳಿಗೂ ಗಡ್ಡವಿಲ್ಲ.

ಉಳಿದವಕ್ಕೆ ಪಂಢರಿನಾಥರು ನಿಯಮ ಬರೆದರು. ಟವೆಲುಗಳನ್ನು ಗಾಜಿನ ವೃಂದ, ಮೈ ವೃಂದ, ಗಾಲಿ ವೃಂದ ಎಂದು ವಿಂಗಡಿಸತಕ್ಕದ್ದು. ಹತ್ತಿಯ ಬಟ್ಟೆಯಿಂದ ಗೆರೆ ಬೀಳುವುದರಿಂದ ಅದು ಸಂಪೂರ್ಣ ನಿಷಿದ್ಧ. ತಿಕ್ಕತಕ್ಕದ್ದಲ್ಲ, ಹಾಸಿ ಎಳೆಯತಕ್ಕದ್ದು. ಮುಟ್ಟುವವರು ಸ್ನಾನ ಮಾಡಿರತಕ್ಕದ್ದು. ನೆಲಕ್ಕೆ ಬಿದ್ದ ಟವೆಲನ್ನು ಗಾಲಿ ವೃಂದಕ್ಕೆ ಹಿಂಬಡ್ತಿಗೊಳಿಸತಕ್ಕದ್ದು, ಅಲ್ಲಿಂದ ಮುಂಬಡ್ತಿಗೆ ಅವಕಾಶವಿರುವುದಿಲ್ಲ.

“ನಮ್ಮ ಮನ್ಯಾಗ ಲಿಂಗಪೂಜಾಕ್ಕೂ ಇಷ್ಟ ಬಿಗಿ ಇಲ್ರೀ ಸಾಹೇಬ್ರ,” ಎಂದ ಶಾಂತಯ್ಯ.

“ಅದು ದೇವರ ಜೋಡಿ ವ್ಯವಹಾರ, ಶಾಂತಯ್ಯ. ದೇವರು ಆಡಿಟ್ ಮಾಡಂಗಿಲ್ಲ,” ಎಂದರು ಪಂಢರಿನಾಥ.

ಆದರೆ ಧೂಳಿಗೆ ಸುತ್ತೋಲೆ ಮುಟ್ಟಿರಲಿಲ್ಲ. ಶಾಂತಯ್ಯ ಎರಡೂ ಕೈಯಲ್ಲಿ ಟವೆಲಿನ ತುದಿ ಹಿಡಿದಿದ್ದಾಗಲೇ ಸೀನು ಬರುತ್ತಿತ್ತು. ಸೀನಿದರೆ ಟವೆಲು ನೆಲಕ್ಕೆ. ಬಿದ್ದ ಪ್ರತಿ ಟವೆಲಿಗೂ ಕಾರಣ ಕೇಳುವ ನೋಟೀಸು ಹೋಯಿತು. ಟವೆಲಿಗೆ ಬಾಯಿಲ್ಲದ್ದರಿಂದ ಅದರ ಪರವಾಗಿ ಶಾಂತಯ್ಯನೇ ಉತ್ತರ ಬರೆದ: ‘ಗಾಳಿ ಬೀಸಿದ್ದರಿಂದ ಬಿದ್ದೆ, ದುರುದ್ದೇಶವಿರಲಿಲ್ಲ.’ ಉತ್ತರ ಸಮಾಧಾನಕರವಾಗಿರಲಿಲ್ಲ. ಹೀಗೆ ನೋಡನೋಡುತ್ತ ಗಾಲಿ ವೃಂದ ತುಂಬಿ ತುಳುಕಿತು. ಮೈ ವೃಂದದಲ್ಲಿ ಒಂದೇ ಒಂದು ಟವೆಲು ಉಳಿಯಿತು. ಅದನ್ನು ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು.

ಕಾರು ಹೊರಗೆ ಹೋದರೆ ಧೂಳು. ಧೂಳಾದರೆ ತೊಳೆಯಬೇಕು. ತೊಳೆದರೆ ಒರೆಸಬೇಕು. ಒರೆಸುವಾಗ ಕೊನೆಯ ಟವೆಲು ಬಿದ್ದರೆ? ಪಂಢರಿನಾಥರು ಎರಡು ದಿನ ಯೋಚಿಸಿ, ಹೊಸ ಟವೆಲು ಮಂಜೂರಾಗುವವರೆಗೆ ಯಾವುದೇ ಕಾರಣಕ್ಕೂ ಕಾರನ್ನು ಶೆಡ್ಡಿನಿಂದ ಹೊರಗೆ ತರತಕ್ಕದ್ದಲ್ಲ ಎಂದು ಆದೇಶ ಸಿದ್ಧಪಡಿಸಿದರು. ರಾಜೇಶ್ವರಿ ಮೇಡಂ ಓದಿ, “ಎಷ್ಟ ಛಲೋ ಬರದೀರಿ!” ಎಂದು ಕೂಡಲೇ ಸಹಿ ಹಾಕಿದರು. ಮರುದಿನದಿಂದ ಅವರ ಓಡಾಟಕ್ಕೆ ಮಂಡಳಿಯ ಖರ್ಚಿನಲ್ಲಿ ಅವರ ಮೈದುನನ ಟ್ಯಾಕ್ಸಿ ಗೊತ್ತಾಯಿತು. ಹೊಸ ಟವೆಲಿನ ಕಡತ ಅವರ ಮೇಜಿನ ಮೇಲೆ ಸುಖವಾಗಿ ಮಲಗಿತು.

ತಾವು ಬರೆದದ್ದು ಏನು ಎಂಬುದು ಪಂಢರಿನಾಥರಿಗೆ ಹೊಳೆದದ್ದು ಚಿಗರಿಯಲ್ಲಿ ನಿಂತು ಮನೆಗೆ ಹೋಗುವಾಗ. ಮಾಡಿದ್ದುಣ್ಣೋ ಮಹಾರಾಯ ಎಂದು ಅವರು ಎಷ್ಟೋ ಜನರ ಕಡತ ಮುಚ್ಚಿದ್ದರು. ಈಗ ತಮ್ಮದೇ ಕಡತ ತೆರೆದುಕೊಂಡಿತು.

ಮರುದಿನ ಬೆಳಿಗ್ಗೆ ಅವರು, ನಿವೃತ್ತಿಯ ದಿನ ತಮ್ಮನ್ನು ಕಾರಿನಲ್ಲಿ ಮನೆಗೆ ಬಿಡಬೇಕೆಂದು ವಿನಾಯಿತಿ ಕೋರಿ ಅರ್ಜಿ ಬರೆದರು. ಅರ್ಜಿ ಅಧೀಕ್ಷಕರ ಮೂಲಕವೇ ಹೋಗಬೇಕು. ಆದ್ದರಿಂದ ಅದನ್ನು ತಮ್ಮದೇ ಮೇಜಿನ ಎಡಗಡೆ ಇಟ್ಟರು. ಊಟವಾದ ಮೇಲೆ ಅಧೀಕ್ಷಕರಾಗಿ ಅದನ್ನು ಕೈಗೆತ್ತಿಕೊಂಡರು. ಸಹಾನುಭೂತಿಯಿಂದ ಓದಿದರು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಕೊನೆಗೆ ಬರೆದರು: ‘ಅರ್ಜಿದಾರರ ಸೇವೆ ಶ್ಲಾಘನೀಯ. ಆದರೆ ನಿಯಮದಲ್ಲಿ ಅವಕಾಶವಿರುವುದಿಲ್ಲ.’

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಮಂದಾಕಿನಿಗೆ ಹೇಳಲೇಬೇಕಾಯಿತು.

“ಯಾರು ಬ್ಯಾಡಂದ್ರು?” ಎಂದರು ಮಂದಾಕಿನಿ.

“ಅಧೀಕ್ಷಕರು.”

“ಅಧೀಕ್ಷಕರಂದ್ರ ನೀವ ಅಲ್ಲೇನು?”

“ಮನ್ಯಾಗ ಅಲ್ಲ, ಮಂದಾ. ಕಚೇರ್ಯಾಗ ಅವರು ಭಾಳ ಬಿಗಿ.”

ಮಂದಾಕಿನಿ ರೊಟ್ಟಿ ಬಡಿಸುವುದನ್ನು ನಿಲ್ಲಿಸಿದರು. “ಇಡೀ ಓಣಿಗೆ ಹೇಳೀನ್ರೀ ನಾ. ಆರತಿ ತಾಟು ತಿಕ್ಕಿಟ್ಟೀನಿ. ಇಷ್ಟ ವರ್ಷ ಬಸ್ಸಿನ್ಯಾಗ ಜೋತಾಡಿಕೋತ ಹೋದ್ರಲ್ಲ, ಒಂದು ದಿವಸ ಕಾರಿನ್ಯಾಗಿಂದ ಇಳಿಯೂದು ನೋಡಬೇಕಂತ ನನಗೂ ಇರಂಗಿಲ್ಲೇನು?” ಎಂದರು. ಪಂಢರಿನಾಥರು ರೊಟ್ಟಿಯನ್ನು ತಾವೇ ಹಾಕಿಕೊಂಡರು. ತಲೆ ತಗ್ಗಿಸಿ ಉಂಡರು.

ಮರುದಿನ ನಾಚಿಕೆ ಬಿಟ್ಟು ರಾಜೇಶ್ವರಿ ಮೇಡಂ ಅವರನ್ನೇ ಕೇಳಿದರು. “ನಿಯಮಾ ಬರದವರು ನೀವು. ಅದನ್ನ ನಿಮ್ಮ ಸಲುವಾಗಿ ಮುರದ್ರ ನಿಮಗ ಅವಮಾನ ಮಾಡಿದಂಗ ಆಗಂಗಿಲ್ಲೇನ್ರಿ?” ಎಂದು ಮೇಡಂ ಬಹಳ ಗೌರವದಿಂದ ಕೇಳಿದರು.

ದಾರಿ ಹುಡುಕಿದವರು ಗುರುಶಿದ್ದಪ್ಪ. ಮುಂದೆ ತಮಗೂ ಉಪಯೋಗಕ್ಕೆ ಬಂದೀತು ಎಂಬ ದೂರದೃಷ್ಟಿ ಅವರದು. “ಕಾರು ಮನಿಗೆ ಹೋಗಾಕ ಬರಂಗಿಲ್ಲ, ಖರೇ. ಆದ್ರ ಮನಿ ಕಾರಿನ ಕಡೆ ಬರಬಾರ್ದಂತ ಎಲ್ಲೈತ್ರಿ?” ಎಂದರು.

ಎಲ್ಲಿಯೂ ಇರಲಿಲ್ಲ. ಪಂಢರಿನಾಥರೇ ಹುಡುಕಿ ನೋಡಿದರು. ಆದೇಶ ಹೊರಟಿತು: ‘ತಿಂಗಳ ಕೊನೆಯ ದಿನ ಸಂಜೆ ಐದರಿಂದ ಐದೂವರೆಯವರೆಗೆ ಕಾರ್ ಶೆಡ್ಡಿನ ಪೂರ್ವಾರ್ಧವನ್ನು ಕಚೇರಿಯೆಂದೂ ಪಶ್ಚಿಮಾರ್ಧವನ್ನು ಅರ್ಜಿದಾರರ ಸ್ವಗೃಹವೆಂದೂ ಭಾವಿಸತಕ್ಕದ್ದು. ಅರ್ಜಿದಾರರು ಕಾರಿನ ಪೂರ್ವದ ಬಾಗಿಲಿನಿಂದ ಹತ್ತಿ ಪಶ್ಚಿಮದ ಬಾಗಿಲಿನಿಂದ ಇಳಿಯತಕ್ಕದ್ದು. ನಡುವೆ ಎಲ್ಲಿಯೂ ಇಳಿಯಲು ಅವಕಾಶವಿರುವುದಿಲ್ಲ.’

ಆ ದಿನ ಮಂದಾಕಿನಿ ಆರತಿ ತಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಚಿಗರಿ ಹತ್ತಿ ಧಾರವಾಡಕ್ಕೆ ಬಂದರು. ಬಟ್ಟೆಚೀಲ ಪ್ರೋತ್ಸಾಹ ಮಂಡಳಿಯಲ್ಲಿ ಯಾರೂ ಇದನ್ನು ಗಮನಿಸಲಿಲ್ಲ, ಎಲ್ಲರ ಕೈಯಲ್ಲೂ ಅಂಥದೇ ಚೀಲವಿತ್ತು. ಅವರನ್ನು ಶೆಡ್ಡಿನ ಪಶ್ಚಿಮದ ಗೋಡೆಗೆ ನಿಲ್ಲಿಸಿ, “ಇದು ನಿಮ್ಮ ಮನಿ ನೋಡ್ರಿ ವೈನಿ, ಆರಾಮಾಗಿ ನಿಂದರ್ರಿ,” ಎಂದರು ಗುರುಶಿದ್ದಪ್ಪ.

ಪಂಢರಿನಾಥರು ಹಾರ, ಶಾಲಿನ ಸಮೇತ ಪೂರ್ವದ ಬಾಗಿಲಿನಿಂದ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಸೀಟು ಮೆತ್ತಗಿತ್ತು. ಶಾಂತಯ್ಯ ಚಪ್ಪಲಿ ಬಿಚ್ಚಿ ಮುಂದೆ ಕೂತು ಸ್ಟಿಯರಿಂಗ್ ಹಿಡಿದ. ಎಂಜಿನ್ ಚಾಲೂ ಮಾಡಲಿಲ್ಲ, ಹೊಗೆಯಿಂದ ಕಾರು ಮಾಸುತ್ತದೆ.

“ಲಗೂ ಹೋಗ್ಲ್ಯೋ, ಸಾವಕಾಶ ಹೋಗ್ಲ್ಯೋ, ಸಾಹೇಬ್ರ?”

“ಸಾವಕಾಶ ಹೋಗಪಾ,” ಎಂದರು ಪಂಢರಿನಾಥ. “ಇದೊಂದ ಸಲ.”

ಶಾಂತಯ್ಯ ಸಾವಕಾಶವಾಗಿಯೇ ಒಯ್ದ. “ನವಲೂರ ಬಂತ್ರಿ,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ರಾಯಾಪುರ,” ಎಂದ. ನವನಗರದಲ್ಲಿ ಗದ್ದಲ ಇದೆಯೆಂದು ಒಂದು ನಿಮಿಷ ತಡೆದ. ಉಣಕಲ್ ಕೆರೆ ಎಂದಾಗ ಪಂಢರಿನಾಥರು ಕಿಟಕಿಯ ಕಡೆ ಹೊರಳಿ ಶೆಡ್ಡಿನ ಗೋಡೆಯನ್ನು ಕಣ್ತುಂಬ ನೋಡಿದರು. ಬಸ್ಸಿನಲ್ಲಿ ನಿಂತವರಿಗೆ ಕೆರೆ ಎಂದೂ ಸರಿಯಾಗಿ ಕಾಣುತ್ತಿರಲಿಲ್ಲ.

ಪಶ್ಚಿಮದ ಬಾಗಿಲು ತೆರೆದು ಅವರು ಮನೆಯಲ್ಲಿ ಇಳಿದರು. ಚಪ್ಪಾಳೆಯಾಯಿತು. ಮಂದಾಕಿನಿ ಆರತಿ ಎತ್ತಿದರು. ಆಗಲೇ ತಾಟಿನ ಕೆಂಪು ನೀರಿನ ಒಂದು ಹನಿ ಹಾರಿ ಕಾರಿನ ಬಾನೆಟ್ಟಿನ ಮೇಲೆ ಬಿತ್ತು.

ಕಪಾಟಿನ ಕೀಲಿ ತರಲು ಯಾರೋ ಓಡಿದರು. ಶಾಂತಯ್ಯ ಉಂಗುರ ಬಿಚ್ಚತೊಡಗಿದ. ಮೂಗಿನ ತುದಿಯಲ್ಲಿ ಸೀನು ಬಂದು ನಿಂತಿತ್ತು. “ಅಯ್ಯ, ಒಂದು ಹನಿಗೆ ಏನ್ ಗದ್ಲಾರೀ ಇದು!” ಎಂದು ಮಂದಾಕಿನಿ ಸೀರೆಯ ಸೆರಗಿನಿಂದ ಹನಿಯನ್ನು ಒರೆಸಿಬಿಟ್ಟರು. ಹತ್ತಿಯ ಸೀರೆ. ಅದೂ ತಿಕ್ಕಿ.

ಎಲ್ಲರೂ ಬಗ್ಗಿ ನೋಡಿದರು. ಬಾನೆಟ್ಟಿನಲ್ಲಿ ಎಲ್ಲರ ಮುಖ ಕಾಣಿಸಿತು, ಚುಕ್ಕೆ ಕಾಣಿಸಲಿಲ್ಲ, ಗೆರೆ ಕಾಣಿಸಲಿಲ್ಲ. ಆದರೆ ಹತ್ತಿಯಿಂದ ಗೆರೆ ಬೀಳುತ್ತದೆ ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ. ಕಚೇರಿ ಮುಗಿಯುವ ಐದೂವರೆಗೆ ಇನ್ನೂ ಸಮಯವಿತ್ತು, ಆದ್ದರಿಂದ ತಪಾಸಣಾ ವರದಿ ಬರೆಯುವುದು ಅಧೀಕ್ಷಕರ ಕೆಲಸ. ಪಂಢರಿನಾಥರು ಕನ್ನಡಕ ಏರಿಸಿ, ಸೇವೆಯ ಕೊನೆಯ ವಾಕ್ಯ ಬರೆದರು: ‘ಗೆರೆ ಬಿದ್ದಿದೆ. ಕಾಣಿಸುವುದಿಲ್ಲ.’ ರಾಜೇಶ್ವರಿ ಮೇಡಂ ಸಹಿ ಹಾಕಿ ಟ್ಯಾಕ್ಸಿ ಹತ್ತಿದರು. ಗೆರೆಯ ವಿಚಾರಣೆ ಮುಗಿಯುವವರೆಗೆ ಶೆಡ್ಡಿಗೆ ಬೀಗ ಬಿತ್ತು.

ಬಸ್ ನಿಲ್ದಾಣದಲ್ಲಿ ಮಂದಾಕಿನಿ, “ನಡೀರಿನ್ನ, ಮನಿಗೆ ಹೋಗೂಣು,” ಎಂದರು.

“ಮತ್ತ ಯಾಕ? ಈಗಷ್ಟ ಬಂದೀವಲ್ಲ,” ಎಂದರು ಪಂಢರಿನಾಥ. ಹೆಂಡತಿಯ ಮುಖ ನೋಡಿ ಚಿಗರಿ ಹತ್ತಿದರು. ಹಾರ ಹಾಕಿಕೊಂಡೇ ನಿಂತರು.

ವಿದ್ಯಾನಗರದ ಓಣಿಯಲ್ಲಿ ಜನ ಕಾಯುತ್ತಿದ್ದರು. ರಂಗೋಲಿ ಹಾಕಿಯಾಗಿತ್ತು. ದಂಪತಿ ನಡೆದುಕೊಂಡು ಬರುವುದನ್ನು ಕಂಡು ಎದುರುಮನೆಯ ಬಾಳಕೃಷ್ಣ ಕಾಕಾ ಮುಂದೆ ಬಂದರು. ಅವರು ಕಾಲುವೆ ಕಟ್ಟಿಸುವ ಕಚೇರಿಯೊಂದರಲ್ಲಿ ಜೀವ ಸವೆಸಿ ನಿವೃತ್ತರಾದವರು.

“ಕಾರಿನ್ಯಾಗ ಬರ್ತಾರಂದಿದ್ದೆಲ್ಲ ಮಂದಾ, ಕಾರೆಲ್ಲೇದ?”

ಪಂಢರಿನಾಥರು ಹಾರದ ಹೂವುಗಳನ್ನು ಒಂದೊಂದಾಗಿ ಸರಿಪಡಿಸತೊಡಗಿದರು. ಮಂದಾಕಿನಿ ಗಂಡನ ಮುಖ ನೋಡಿದರು, ಓಣಿಯ ಮುಖ ನೋಡಿದರು.

“ಕಾರಿನ್ಯಾಗ ಬಂದಾರ ಕಾಕಾ,” ಎಂದರು. “ಕಾಣಸಂಗಿಲ್ಲ, ಅಷ್ಟ.”

ಬಾಳಕೃಷ್ಣ ಕಾಕಾಗೆ ತಮ್ಮ ಕಾಲದಲ್ಲಿ ಕಾಗದದ ಮೇಲೆ ಮಾತ್ರ ಹರಿದ ಎಷ್ಟೋ ಕಾಲುವೆಗಳು ನೆನಪಾದವೋ ಏನೋ. ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಖಾಲಿ ಓಣಿಯನ್ನು ಮೇಲಿಂದ ಕೆಳಗೆ ನೋಡಿದರು.

“ಬಣ್ಣ ಛಲೋ ಅದ,” ಎಂದರು.