ಅಳೆದೂ ಸುರಿದೂ ಕೊಂಡ ಕಾರು

ಆ ಕಾರಿನ ಮುಂಗಾಜಿಗೆ ಅಂಟಿಸಿದ್ದ ಹಸಿರು ಚೀಟಿಯೊಂದು ಇಲ್ಲದೇ ಹೋಗಿದ್ದರೆ ತಕ್ಕಡಿ ಅದನ್ನು ಮೂರು ವಾರದ ಹಿಂದೆಯೇ ಕೊಂಡು ಮನೆಗೆ ತಂದಿರುತ್ತಿದ್ದ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಅಲ್ಪ ಬಳಕೆ. ನೂರ ನಲವತ್ತು ಅಂಶಗಳಲ್ಲಿ ಪರೀಕ್ಷಿಸಿ ಪ್ರಮಾಣೀಕರಿಸಲಾಗಿದೆ.’

ಬೇರೆ ಯಾರಿಗಾದರೂ ಆ ಮಾತು ಧೈರ್ಯ ಕೊಡುತ್ತಿತ್ತು. ತಕ್ಕಡಿಗೆ ಅದು ನಿದ್ದೆ ಕೆಡಿಸಿತು. ಯಾಕೆಂದರೆ ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಂಗಡಿಗಳ ತಕ್ಕಡಿಗೂ ತೂಕದ ಬಟ್ಟುಗಳಿಗೂ ಮೊಹರು ಒತ್ತುವ ಕೆಲಸ ಮಾಡುತ್ತಿದ್ದ. ‘ತಕ್ಕಡಿ’ ಎನ್ನುವ ಅಡ್ಡಹೆಸರು ಬಂದದ್ದೂ ಅಲ್ಲಿಂದಲೇ. ಮೊಹರು ಒತ್ತುವವನಿಗೆ ಮೊಹರಿನ ಯೋಗ್ಯತೆ ಗೊತ್ತಿರುತ್ತದೆ. ಸಂಜೆ ಬಸ್ಸು ತಪ್ಪಿಹೋಗುವ ಅವಸರದಲ್ಲಿ ತಾನು ಎಷ್ಟು ತಕ್ಕಡಿಗಳನ್ನು ಬರೀ ಕಣ್ಣಳತೆಯಲ್ಲಿ ಪಾಸು ಮಾಡಿದ್ದೇನೆ ಎನ್ನುವುದು ಅವನಿಗೂ ಅವನ ದೇವರಿಗೂ ಮಾತ್ರ ಗೊತ್ತಿತ್ತು.

ಉಳಿದಂತೆ ಅವನು ನಿಯಮದ ಮನುಷ್ಯ. ಯಾವುದನ್ನೂ ಮೂರು ಸಲ ತೂಗದೆ ನಂಬಬಾರದು, ಮೂರರ ಸರಾಸರಿಯೇ ಸತ್ಯ ಎನ್ನುವುದು ಇಲಾಖೆಯ ನಿಯಮ. ತಕ್ಕಡಿ ಅದನ್ನು ಮನೆಗೂ ತಂದಿದ್ದ. ಮದುವೆಗೆ ಮುಂಚೆ ಹುಡುಗಿಯ ಮನೆಗೆ ಮೂರು ಸಲ ಹೋಗಿ ಬಂದಿದ್ದ. ಮೂರನೆಯ ಸಲ ಹುಡುಗಿಯೇ ಬಾಗಿಲು ತೆರೆದು, “ಇವತ್ತಾದರೂ ಏನಾದರೂ ಹೇಳ್ತೀರಾ?” ಎಂದು ಕೇಳಿದ್ದಳು.

ಈಗ ಅದೇ ಹೆಂಡತಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದವಳು, ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತು ಮನೆಗೆ ಬರಬೇಕು. ಬಾಡಿಗೆ ಕಾರು ಮಾಡೋಣವೆಂದರೆ, ತಿಂಗಳಿಗೆ ಎಂಟೊಂಬತ್ತು ಸಲ ಹತ್ತಿದರೆ ತಕ್ಕಡಿಯ ಸಂಬಳ ಅರ್ಧ ದಾರಿಯಲ್ಲೇ ಇಳಿದುಹೋಗುತ್ತಿತ್ತು. ಕಳೆದ ಗುರುವಾರ ಅವಳು ಎರಡು ಸ್ಟಾಪು ಮೊದಲೇ ಇಳಿದು ಕಾಲುದಾರಿಯ ಅಂಚಿನಲ್ಲಿ ಕೂತುಬಿಟ್ಟಳು.

“ಐದು ನಿಮಿಷ ರೀ,” ಎಂದಳು. “ನೀವು ಯಾರನ್ನೋ ಕಾಯ್ತಿರೋ ಹಾಗೆ ನಿಂತ್ಕೊಳ್ಳಿ. ಇಲ್ಲಾಂದ್ರೆ ಜನ ನೋಡ್ತಾರೆ.”

ತಕ್ಕಡಿ ಗಡಿಯಾರ ನೋಡಿಕೊಳ್ಳುತ್ತಾ, ಬಾರದ ಯಾರನ್ನೋ ಅರ್ಧ ಗಂಟೆ ಕಾದ.

ಕಾರು ಬೇಕೇ ಬೇಕು ಎನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಓಡಿಸಲು ಮೇಲಿನ ಮನೆಯ ಡ್ರೈವರ್ ಮಾಮ ಇದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು, ಬೇಸರಕ್ಕೆ ಯಾರ ಗಾಡಿಯನ್ನಾದರೂ ಓಡಿಸಲು ತಯಾರು. ಬ್ಯಾಂಕಿನಲ್ಲಿ ನಾಲ್ಕೂವರೆ ಲಕ್ಷವಿತ್ತು. ಅದರಲ್ಲಿ ಕೊನೆಯ ಇಪ್ಪತ್ತೈದು ಸಾವಿರ ವಿಮೆಗೆ, ಪೆಟ್ರೋಲಿಗೆ. ಕಾರಿನ ಬೆಲೆ ನಾಲ್ಕೂಕಾಲು ಲಕ್ಷ. ಎಲ್ಲವೂ ಅಳೆದು ಕೊಟ್ಟ ಹಾಗೆ ಹೊಂದುತ್ತಿತ್ತು. ಹೀಗೆ ಹೊಂದುವುದೇ ಅವನಿಗೆ ಅನುಮಾನ.

“ಇವತ್ತು ಸಂಜೆ ತನಕ ಮಾತ್ರ ಇಟ್ಕೋತೀವಿ ಸಾರ್,” ಎಂದು ಷೋರೂಮಿನವರು ಗುರುವಾರ ಬೆಳಿಗ್ಗೆ ಫೋನ್ ಮಾಡಿದರು.

ಹನ್ನೊಂದಕ್ಕೆ ಹೆಂಡತಿಯನ್ನು ಆಸ್ಪತ್ರೆಯ ಹಾಸಿಗೆಗೆ ತಲುಪಿಸಿ, ಹೊದಿಕೆ ಸರಿಮಾಡಿ ಹೊರಟ. ನರ್ಸ್ ಕೊಳವೆ ಜೋಡಿಸುತ್ತಿದ್ದಳು.

“ಇವತ್ತಾದರೂ ತಗೋತೀರಾ?” ಎಂದಳು ಹೆಂಡತಿ.

“ಬೆಲೆ ಸರಿ ಇದ್ರೆ.”

“ಸರಿ ಅಂದ್ರೆ ಎಷ್ಟು?”

“ಅದನ್ನೇ ಇವತ್ತು ತೂಗಿ ನೋಡ್ಬೇಕು.”

ಅವಳು ಗೋಡೆಯ ಕಡೆ ಮುಖ ಮಾಡಿಕೊಂಡಳು. ಗೋಡೆಯಾದರೂ ಬೇಗ ಉತ್ತರ ಕೊಟ್ಟೀತು ಎನ್ನುವಂತೆ.

ಮೂರು ತೂಕದಲ್ಲಿ ಮೊದಲನೆಯದನ್ನು ಡ್ರೈವರ್ ಮಾಮ ಬೆಳಿಗ್ಗೆಯೇ ಮೆಟ್ಟಿಲ ಮೇಲೆ ನಿಂತು ಕೊಟ್ಟಿದ್ದ. “ಮೂರೂಕಾಲು. ಒಂದು ಬಿಡಿಗಾಸು ಹೆಚ್ಚು ಕೊಡ್ಬೇಡ ತಮ್ಮ. ಅಷ್ಟು ದುಡ್ಡಿಗೆ ನಮ್ಮ ಕಾಲದಲ್ಲಿ ಬಸ್ಸೇ ಬರ್ತಿತ್ತು, ಕಂಡಕ್ಟರ್ ಸಮೇತ.”

ಎರಡನೆಯದು ಕಚೇರಿಯ ಸಾಹೇಬರದು. ಅವರು ಹೋದ ವರ್ಷ ಇಂಥದೇ ಕಾರನ್ನು ಐದಕ್ಕೆ ಕೊಂಡಿದ್ದರು. “ನಾಲ್ಕೂಮುಕ್ಕಾಲು ನ್ಯಾಯವಾದ ಬೆಲೆ ಕಣ್ರೀ,” ಎಂದರು. ನಾಲ್ಕೂಕಾಲು ನ್ಯಾಯವೆಂದು ಒಪ್ಪಿದರೆ ತಮ್ಮ ಕಾರು ನಿಂತಲ್ಲೇ ಅಗ್ಗವಾಗುತ್ತದೆಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು.

ಮೂರನೆಯವನು ಪಕ್ಕದ ಮೇಜಿನ ಗುಮಾಸ್ತ. ಅವನನ್ನು ಎಲ್ಲರೂ ವಕೀಲ ಎನ್ನುತ್ತಿದ್ದರು. ಕಾನೂನು ಓದಿದವನಲ್ಲ, ಆದರೆ ವಾದ ಮಾಡದೆ ಒಂದು ಲೋಟ ಚಹಾ ಕುಡಿದವನೂ ಅಲ್ಲ. “ನಾಲ್ಕು,” ಎಂದ ವಕೀಲ. “ಆದರೆ ಷರತ್ತುಗಳಿಗೆ ಒಳಪಟ್ಟು.”

ತಕ್ಕಡಿ ಮೂರನ್ನೂ ಕೂಡಿ ಭಾಗಿಸಿದ. ಸರಿಯಾಗಿ ನಾಲ್ಕು ಲಕ್ಷ ಬಂತು. ಹತ್ತೊಂಬತ್ತು ವರ್ಷದಲ್ಲಿ ಯಾವ ಸರಾಸರಿಯೂ ಇಷ್ಟು ದುಂಡಗೆ ಬಂದಿರಲಿಲ್ಲ. ನಾಲ್ಕೇ ಸತ್ಯವೆಂದು ಅವನಿಗೆ ಖಾತ್ರಿಯಾಯಿತು.

ಮಧ್ಯಾಹ್ನ ಇಲಾಖೆಯ ವ್ಯಾನು ಅದೇ ರಸ್ತೆಯಲ್ಲಿ ಹೋಗುವುದಿತ್ತು. ತಕ್ಕಡಿ ಅರ್ಧ ದಿನ ರಜೆ ಬರೆದುಕೊಟ್ಟು ಹತ್ತಿದ. ಕರೆಯದಿದ್ದರೂ ವಕೀಲ ಹತ್ತಿದ. ದಾರಿಯಲ್ಲಿ ಡ್ರೈವರ್ ಮಾಮನೂ ಸೇರಿಕೊಂಡ. ವ್ಯಾನಿನ ಹಿಂದೆ ಪರೀಕ್ಷೆಗೆ ಬಳಸುವ ಇಪ್ಪತ್ತು ಕಿಲೋದ ನಾಲ್ಕು ಕಬ್ಬಿಣದ ಬಟ್ಟುಗಳಿದ್ದವು. ಅವನ್ನು ಕಂಡಾಗ ತಕ್ಕಡಿಯ ತಲೆಯಲ್ಲಿ ಏನೋ ಹೊಳೆಯಿತು. ನಾಲ್ಕನ್ನೂ ಷೋರೂಮಿನ ಮುಂದೆ ಇಳಿಸಿಕೊಂಡ.

ಷೋರೂಮಿನಲ್ಲಿ ಟೈ ಕಟ್ಟಿದ ಮಾರಾಟಗಾರ ನಗುತ್ತಾ ಬಂದ. ಬಟ್ಟುಗಳನ್ನು ನೋಡಿ ನಗು ಅರ್ಧಕ್ಕೆ ನಿಲ್ಲಿಸಿದ.

“ನಾಲ್ಕು,” ಎಂದ ತಕ್ಕಡಿ.

“ಮ್ಯಾನೇಜರನ್ನ ಕೇಳಿ ನಾಲ್ಕು ಹತ್ತಕ್ಕೆ ಮಾಡಿಸಿಕೊಡ್ತೀನಿ ಸಾರ್. ನಿಮ್ಮ ಮನೆ ಪರಿಸ್ಥಿತಿ ಹೇಳಿದ್ರಿ, ಅದಕ್ಕೋಸ್ಕರ.”

ಇಲ್ಲಿ ತಲೆಯಾಡಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಕೇಳಿದ ಕೂಡಲೇ ಹದಿನೈದು ಸಾವಿರ ಇಳಿಸುವವನ ಕಾರಿನಲ್ಲಿ ಏನಿಲ್ಲವೆಂದರೂ ಮೂವತ್ತು ಸಾವಿರದ ದೋಷವಿರಬೇಕೆಂದು ವಕೀಲ ಕಿವಿಯಲ್ಲಿ ಊದಿದ. ತಕ್ಕಡಿ ಪ್ರಮಾಣಪತ್ರ ತರಿಸಿ ನೂರ ನಲವತ್ತು ಅಂಶಗಳನ್ನೂ ಓದಲು ಕೂತ. ತೊಂಬತ್ತೇಳನೆಯದು, ‘ಹಾರ್ನ್: ತೃಪ್ತಿಕರ.’

“ಯಾರಿಗೆ ತೃಪ್ತಿ?” ಎಂದ ವಕೀಲ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮಾರಾಟಗಾರ ಮಾತಾಡಿ ಬಂದ. “ಇನ್ನೊಂದು ಪಾರ್ಟಿ ಸಾರ್. ಇದೇ ಕಾರು. ಪೂರ್ತಿ ನಾಲ್ಕೂಕಾಲು ಕೊಡ್ತಾರಂತೆ. ಬಂದು ನೋಡೋದೂ ಬೇಡವಂತೆ.”

“ಹಳೇ ಆಟ,” ಎಂದು ವಕೀಲ ಕಣ್ಣು ಮಿಟುಕಿಸಿದ. “ಒಳಗಿನವರೇ ಯಾರೋ ಫೋನ್ ಮಾಡಿರ್ತಾರೆ. ನೀನು ಕದಲಬೇಡ.”

ತಕ್ಕಡಿ ಕದಲಲಿಲ್ಲ. ಬದಲಿಗೆ ಎಂಬತ್ತು ಕಿಲೋ ಕಬ್ಬಿಣವನ್ನು ಕಾರಿನ ಡಿಕ್ಕಿಯಲ್ಲಿ ಸಮನಾಗಿ ಇಡಿಸಿ, ನಾಲ್ಕು ಚಕ್ರದ ಮೇಲಿನ ಅಂತರವನ್ನು ಟೇಪು ಹಿಡಿದು ಅಳೆದ. ಒಂದು ಸಲ, ಎರಡು ಸಲ, ಮೂರು ಸಲ. ಮೂರು ಸಲವೂ ಬಲಗಡೆ ಅರ್ಧ ಇಂಚು ಕುಸಿದಿತ್ತು.

ಮಾರಾಟಗಾರ ಬಗ್ಗಿ ಟೇಪು ನೋಡಿದ.

“ಅಪಘಾತ ಆಗಿದೆ,” ಎಂದು ವಕೀಲ ತೀರ್ಪು ಕೊಟ್ಟ. “ಬಲಗಡೆಗೆ ಲಾರಿ ಗುದ್ದಿರಬೇಕು. ಕನಿಷ್ಠ ಇಬ್ಬರು ಸತ್ತಿರ್ತಾರೆ. ಮೂರೂಕಾಲಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ.”

ಮಾರಾಟಗಾರನ ಮುಖ ಬಿಳಿಚಿಕೊಂಡಿತು. ಮ್ಯಾನೇಜರನ್ನು ಕರೆದ. ಮ್ಯಾನೇಜರು ಮೆಕ್ಯಾನಿಕನನ್ನು ಕರೆದರು. ಮೆಕ್ಯಾನಿಕ್ ಕಾರಿನ ಅಡಿ ತೂರಿ, ಹೊರಬಂದು, ತಲೆ ಕೆರೆದುಕೊಂಡು, ಆಮೇಲೆ ಬಲಗಡೆಯ ಮುಂದಿನ ಬಾಗಿಲು ತೆರೆದ. ಒಳಗೆ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ಡ್ರೈವರ್ ಮಾಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನ ತೂಕ ತೊಂಬತ್ತೆರಡು ಕಿಲೋ.

“ಸೀಟು ಚೆನ್ನಾಗಿದೆ ತಮ್ಮ,” ಎಂದ ಮಾಮ ಕಣ್ಣುಜ್ಜುತ್ತಾ. “ತಗೋ.”

ಆ ಹೊತ್ತಿಗೆ ಎರಡೂವರೆ ಆಗಿತ್ತು. ಮಾರಾಟಗಾರನ ದನಿಯಲ್ಲಿದ್ದ ಜೇನು ಪೂರ್ತಿ ಆರಿತ್ತು. ನಾಲ್ಕು ಹತ್ತು ಎನ್ನುವ ಮಾತನ್ನು ಮ್ಯಾನೇಜರು ವಾಪಸು ತೆಗೆದುಕೊಂಡಿದ್ದರು. ಫೋನು ಮತ್ತೆ ಬಂತು.

“ಆ ಪಾರ್ಟಿ ನಾಲ್ಕು ಮೂವತ್ತು ಅಂತಿದ್ದಾರೆ.”

ವಕೀಲ ತಡೆಯಲಾರದೆ ಮೇಜಿನ ತನಕ ಹೋಗಿ, ರಿಸೀವರಿಗೆ ಕಿವಿ ತಾಗಿಸಿ ಬಂದ. ಬರುವಾಗ ಅವನ ಮುಖದಲ್ಲಿ ವಾದವಿರಲಿಲ್ಲ.

“ಸುಳ್ಳಲ್ಲ ಮಾರಾಯ. ನಿಜವಾಗ್ಲೂ ಯಾರೋ ಇದ್ದಾರೆ. ಮಾತು ಕೇಳಿಸಲಿಲ್ಲ, ಹಿಂದೆ ಯಾವುದೋ ಮಿಷಿನ್ ಓಡ್ತಿದೆ. ಫ್ಯಾಕ್ಟರಿ ಮಾಲೀಕ ಇರಬೇಕು. ದುಡ್ಡಿನ ಕುಳ.”

ತಕ್ಕಡಿ ಕಾರಿನ ಕಡೆ ನೋಡಿದ. ಫ್ಯಾಕ್ಟರಿ ಮಾಲೀಕನಿಗೆ ಇದು ಹತ್ತನೆಯ ಕಾರಿರಬಹುದು. ಮಗನ ಹುಟ್ಟುಹಬ್ಬಕ್ಕೆ ಕೊಡುತ್ತಿರಬಹುದು.

“ನಾಲ್ಕು ಮೂವತ್ತೈದು,” ಎಂದ ತಕ್ಕಡಿ.

“ತಮ್ಮ, ತಲೆ ಕೆಟ್ಟಿದೆಯಾ?” ಎಂದ ಮಾಮ.

ಮಾರಾಟಗಾರ ಫೋನಿನಲ್ಲಿ ಗುಸುಗುಸು ಮಾಡಿ ಈ ಕಡೆ ತಿರುಗಿದ. “ನಾಲ್ಕು ನಲವತ್ತು ಸಾರ್, ಆ ಕಡೆಯಿಂದ.”

ಮಾಮ ಬೇಡವೆಂದು ತೋಳು ಹಿಡಿದು ಎಳೆದ. ವಕೀಲ ಇನ್ನೊಂದು ತೋಳು ಹಿಡಿದು, ಮಾನದ ಪ್ರಶ್ನೆ ಎಂದ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನಿಂತ ತಕ್ಕಡಿಯ ಕಣ್ಣಿಗೆ ಕಾಲುದಾರಿಯ ಅಂಚಿನಲ್ಲಿ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತ ಹೆಂಡತಿ ಕಂಡಳು. ಈ ಕಾರು ಕೈತಪ್ಪಿದರೆ ಇನ್ನೊಂದು ಈ ಬೆಲೆಗೆ ಸಿಗಲು ಎಷ್ಟು ಗುರುವಾರ ಬೇಕೋ. ಅವಳ ಹತ್ತಿರ ಎಷ್ಟು ಗುರುವಾರ ಉಳಿದಿವೆಯೋ.

“ನಾಲ್ಕೂವರೆ,” ಎಂದ. ಅಳೆಯಲಿಲ್ಲ, ಸುರಿದುಬಿಟ್ಟ.

ಮಾರಾಟಗಾರ ಆ ಮಾತನ್ನು ಫೋನಿಗೆ ಹೇಳಿದ. ಕೊನೆಗೆ ಮಾರಾಟಗಾರ ರಿಸೀವರ್ ಕೆಳಗಿಟ್ಟು ಕೈ ಚಾಚಿದ. “ಬಿಟ್ಟುಕೊಟ್ರು ಸಾರ್. ಕಾರು ನಿಮ್ಮದು.”

ವಕೀಲ ಬೆನ್ನು ತಟ್ಟಿದ. ಹಣ ಬ್ಯಾಂಕಿನಿಂದ ಷೋರೂಮಿಗೆ ಹೋಯಿತು. ತಕ್ಕಡಿ ನಾಲ್ಕು ಕಡೆ ಸಹಿ ಹಾಕಿದ. ಹೊಳೆಯುವ ಕೀಲಿಕೈ ಅವನ ಅಂಗೈಗೆ ಬಂತು. ಹತ್ತಿ ಹೊರಡೋಣವೆಂದು ಮಾಮ ಸ್ಟೀರಿಂಗ್ ಹಿಡಿದು ಕೂತಾಗ ಮ್ಯಾನೇಜರು ಗೇಟಿಗೆ ಅಡ್ಡ ನಿಂತರು.

“ವಿಮೆ ನಿಮ್ಮ ಹೆಸರಿಗೆ ಆಗದೆ ಗಾಡಿ ಗೇಟು ದಾಟೋ ಹಾಗಿಲ್ಲ. ದುಡ್ಡು ಈಗಲೇ ಕಟ್ತೀರಾ?”

ವಿಮೆಗೆಂದು ಇಟ್ಟಿದ್ದ ಹಣವನ್ನು ಅವನು ಆಗಲೇ ಕಾರಿನ ಬೆಲೆಯಲ್ಲಿ ಅವರಿಗೇ ಕೊಟ್ಟಾಗಿತ್ತು. “ಸಂಬಳ ಬಂದ ಮೇಲೆ ಕಟ್ತೀನಿ,” ಎಂದ. “ಒಂದನೇ ತಾರೀಕು.”

ಅಂದು ಏಳನೇ ತಾರೀಕು.

ಮಾಮ ಮನಸ್ಸಿಲ್ಲದ ಮನಸ್ಸಿನಿಂದ ಸೀಟು ಬಿಟ್ಟು ಇಳಿದ. ಬಟ್ಟುಗಳನ್ನು ಕಾಯುತ್ತಾ ವ್ಯಾನು ಬರುವ ತನಕ ಅವನೂ ವಕೀಲನೂ ಅಲ್ಲೇ ಉಳಿದರು. ತಕ್ಕಡಿ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹಿಡಿದು ಆಸ್ಪತ್ರೆಗೆ ಹೋದ.

ಹೆಂಡತಿ ಬಾಗಿಲ ಬಳಿಯ ಬೆಂಚಿನ ಮೇಲೆ ಕಾಯುತ್ತಿದ್ದಳು. ಕಣ್ಣು ಕೆಂಪಗಿದ್ದವು. ಯಂತ್ರದ ಆಯಾಸವೆಂದುಕೊಂಡ. ವಿಷಯ ಹೇಗೆ ತೆಗೆಯುವುದೆಂದು ತಿಳಿಯದೆ, ಮನೆಗೆ ಹೋಗಿ ಹೇಳಿದರಾಯಿತೆಂದು ಅವಳನ್ನು ಬಸ್ಸಿಗೆ ಹತ್ತಿಸಿದ. ಅದೃಷ್ಟಕ್ಕೆ ಬಸ್ಸಿನಲ್ಲಿ ಒಂದು ಸೀಟು ಖಾಲಿಯಿತ್ತು. ಅವಳು ಕೂತಳು, ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತ.

“ಕಾರು ಹೋಯ್ತು ರೀ,” ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತಾ.

“ಯಾವ ಕಾರು?”

“ಇನ್ಯಾವುದು, ಅದೇ. ನೀವು ತೂಗಿ ಮುಗಿಸೋದ್ರೊಳಗೆ ನಾನೇ ಮುಗಿದುಹೋಗ್ತೀನಿ ಅನ್ನಿಸ್ತು. ಅದಕ್ಕೆ ಮಲಗಿದ್ದಲ್ಲಿಂದಲೇ ನರ್ಸಮ್ಮನ ಫೋನಿಂದ ಅವರಿಗೆ ಮಾಡಿದೆ. ನನ್ನ ತಮ್ಮನ ಹೆಸರು ಹೇಳಿದೆ. ಪೂರ್ತಿ ನಾಲ್ಕೂಕಾಲು ಕೊಡ್ತೀವಿ, ಇಟ್ಟುಬಿಡಿ ಅಂದೆ. ಯಾವನೋ ಅಡ್ಡ ಬಂದ. ನಮ್ಮಮ್ಮನ ಬಳೆ ಇದೆಯಲ್ಲ, ಅದನ್ನ ಮಾರಿದ್ರಾಯ್ತು ಅಂತ ನಾಲ್ಕು ನಲವತ್ತರ ತನಕ ಹೋದೆ. ಪುಣ್ಯಾತ್ಮ ಬಿಡಲೇ ಇಲ್ಲ.”

ಬಸ್ಸು ತಿರುವಿನಲ್ಲಿ ವಾಲಿತು. ತಕ್ಕಡಿ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ.

“ಕೊನೆಗೆ ಎಷ್ಟಕ್ಕೆ ಹೋಯ್ತಂತೆ?” ತನ್ನ ದನಿ ತನಗೇ ಬೇರೆ ಯಾರದೋ ಹಾಗೆ ಕೇಳಿಸಿತು.

“ನಾಲ್ಕೂವರೆ.”

“ಮೂರ್ಖ,” ಎಂದ ತಕ್ಕಡಿ. ಅಷ್ಟು ಮನಸಾರೆ ಅವನು ಯಾರನ್ನೂ ಬೈದಿರಲಿಲ್ಲ.

“ಹಾಗನ್ನಬೇಡಿ. ನನಗೂ ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. ಸುಮ್ಮಸುಮ್ಮನೆ ಯಾರಾದರೂ ಅಷ್ಟು ಏರಿಸ್ತಾರಾ? ಮನೇಲಿ ಯಾರಿಗೋ ಅಷ್ಟು ಬೇಕಾಗಿರುತ್ತೆ. ಬಹುಶಃ ಹೆಂಡತಿಗೆ. ಕೇಳಿದ ಕೂಡಲೇ ಹಿಂದೆಮುಂದೆ ನೋಡದೆ ಸುರಿದ ನೋಡಿ. ಅಂಥ ಗಂಡ ಸಿಗೋಕೆ ಅವಳು ಏನು ಪುಣ್ಯ ಮಾಡಿದ್ದಳೋ.”

ಹೇಳಿಬಿಡೋಣವೆಂದು ತಕ್ಕಡಿ ಬಾಯಿ ತೆರೆದ. ಹೇಳಿದರೆ ಆ ಪುಣ್ಯವಂತೆ ಅವಳೇ ಆಗುತ್ತಿದ್ದಳು, ನಿಜ. ಜೊತೆಗೆ, ಸ್ವಂತ ಹೆಂಡತಿಯ ವಿರುದ್ಧವೇ ಬೆಲೆ ಏರಿಸಿ, ವಿಮೆ, ಪೆಟ್ರೋಲು ಎಲ್ಲವನ್ನೂ ಕಳೆದು ಗೆದ್ದವನ ಹೆಂಡತಿಯೂ ಆಗುತ್ತಿದ್ದಳು. ತೆರೆದ ಬಾಯಿ ನೋಡಿದ ಕಂಡಕ್ಟರ್, ಚಿಲ್ಲರೆ ಕೇಳುತ್ತಿದ್ದಾನೆಂದು ತಿಳಿದು ಎರಡು ನಾಣ್ಯ ಕೈಗಿಟ್ಟು ಮುಂದೆ ಹೋದ.

ಅವಳು ಆಯಾಸದಿಂದ ಕಣ್ಣು ಮುಚ್ಚಿ, ತಲೆಯನ್ನು ಅವನ ಪಕ್ಕೆಗೆ ಒರಗಿಸಿದಳು.

“ಬಿಡಿ,” ಎಂದಳು. “ಅವಳಾದರೂ ಇಷ್ಟು ಹೊತ್ತಿಗೆ ಆರಾಮಾಗಿ ಕೂತ್ಕೊಂಡು ಮನೆ ಸೇರಿರ್ತಾಳೆ.”

ಮುಂದಿನ ಸ್ಟಾಪಿನಲ್ಲಿ ಕೈಗೂಸು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿದಳು. ಯಾರೂ ಏಳಲಿಲ್ಲ. ಹೆಂಡತಿ ಒಂದು ಕ್ಷಣ ನೋಡಿ, ಸೀಟಿನ ಅಂಚು ಹಿಡಿದು ಎದ್ದು ನಿಂತಳು. ಮನೆ ಇನ್ನೂ ಒಂಬತ್ತು ಸ್ಟಾಪು ದೂರವಿತ್ತು.