ದೊಡ್ಡಮ್ಮನ ನಗೆ ಪರೀಕ್ಷೆ

ನಮ್ಮ ದೊಡ್ಡಮ್ಮ ಸಂಬಂಧ ನೋಡಲು ಹೊರಟರೆ ಜಾತಕ ಕೇಳುವುದಿಲ್ಲ, ಗೋತ್ರ ಕೇಳುವುದಿಲ್ಲ, ಹುಡುಗನ ಪಗಾರವನ್ನಂತೂ ಕೇಳುವುದೇ ಇಲ್ಲ. ಹೊಸ್ತಿಲು ದಾಟಿದವಳೇ "ನಿಮ್ಮ ಟೀವಿ ಎಲ್ಲೈತ್ರಿ?" ಎನ್ನುತ್ತಾಳೆ! ನೀವೀಗ ನಕ್ಕಿರಲ್ಲ? ಆಕೆಯ ಎದುರಿಗೆ ಹೀಗೆಲ್ಲ ನಗಬೇಡಿ. ಮನುಷ್ಯ ಎಲ್ಲಿ ನಗುತ್ತಾನೆ, ಯಾರ ಮುಖ ನೋಡಿಕೊಂಡು ನಗುತ್ತಾನೆ ಎಂಬುದೇ ಆಕೆಯ ಪ್ರಶ್ನೆಪತ್ರಿಕೆ. ಕುರುಗೋಡಿನಲ್ಲಿ ಕೂತುಕೊಂಡು ಜಿಲ್ಲೆಯ ಬೀಗರನ್ನೆಲ್ಲ ಪಾಸು ಫೇಲು ಮಾಡುವ ಈ ಹೆಂಗಸಿನ ಕೈಗೆ ಹೋದ ವರ್ಷ ನನ್ನ ಮದುವೆಯೂ ಸಿಕ್ಕಿಬಿತ್ತು.

ಪರೀಕ್ಷೆಗೆ ಬೇಕಾಗುವುದು ಒಂದು ನಗೆ ಧಾರಾವಾಹಿ. ಅದರಲ್ಲೊಂದು ಮನೆ. ಆ ಮನೆಯಲ್ಲಿ ತಲೆ ನೆಟ್ಟಗಿರುವವರು ಒಬ್ಬರೂ ಇಲ್ಲ! ಅಪ್ಪ ಬಾಯಿ ಬಿಟ್ಟರೆ ಸುಳ್ಳು. ಅವ್ವ ಕೆಲಸ ಕಂಡ ಕೂಡಲೇ ಎದೆ ಹಿಡಿದುಕೊಂಡು ಮಲಗುವವಳು. ಅಣ್ಣ ತಮ್ಮ ಒಂದೇ ಟವೆಲ್ಲಿಗೆ ಬಡಿದಾಡುವವರು. ಸೊಸೆಯೋ, ಅತ್ತೆಯ ನಡಿಗೆಯನ್ನು ಅತ್ತೆಯ ಮುಂದೆಯೇ ನಡೆದು ತೋರಿಸುವ ಧೈರ್ಯವಂತೆ. ಭಾನುವಾರ ಬೆಳಿಗ್ಗೆ ವಾರದ ಕಂತುಗಳನ್ನೆಲ್ಲ ಒಟ್ಟಿಗೆ ಮರುಪ್ರಸಾರ ಮಾಡುತ್ತಾರೆ. ಆಗ ದೊಡ್ಡಮ್ಮ ಪೂಜೆಗೆ ಕೂತವಳಂತೆ ಕೂರುತ್ತಾಳೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರೂ ಆಕೆ ನಗುವುದಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಾಳೆ, ಅಷ್ಟೇ.

ನಮ್ಮ ಅಮ್ಮನಿಗೆ ಇದು ಬಿಡಿಸಲಾಗದ ಒಗಟು. "ನಮ್ಮಕ್ಕನ ಮನಿಯಾಗ ಒಂದಿನಾನೂ ಜೋರು ದನಿ ಕೇಳಿದ್ದಿಲ್ಲ. ನಮ್ಮ ಭಾವನಂಥ ಸಮಾಧಾನದ ಮನುಷ್ಯಾ ಕುರುಗೋಡಾಗ ಇನ್ನೊಬ್ಬ ಇರಲಿಲ್ಲ. ಈಗ ನೋಡಿದ್ರ ಈಕಿಗೆ ಈ ಹುಚ್ಚರ ಗದ್ದಲಾನಾ ಬೇಕು!" ಎನ್ನುತ್ತಿದ್ದಳು. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಂಟಿತನಕ್ಕೆ ಹೀಗಾಗುತ್ತದೆ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡಿದ್ದೆವು.

ಪರೀಕ್ಷೆಯ ತತ್ವವನ್ನು ಆಕೆ ಒಮ್ಮೆ ನನಗೆ ಹೇಳಿದ್ದಳು. "ಸಂಬಂಧ ನೋಡಾಕ ಹೋದಾಗ ಎಲ್ಲಾರೂ ಫೋಟೋಕ್ಕ ಕುಂತಂಗ ಕುಂತಿರ್ತಾರ. ಅವರ ಉಪ್ಪಿಟ್ಟು ತಿಂದು ಏನು ತಿಳೀತೈತಿ? ಟೀವಿ ಹಚ್ರಿ, ತಾವಾ ಹೊರಗ ಬರ್ತಾರ."

ಬಳ್ಳಾರಿಯಲ್ಲೊಂದು ಭಾರಿ ಸಂಬಂಧ ಬಂದಿತ್ತು, ನಮ್ಮ ಅಕ್ಕನಿಗೆ. ಗೋಡೆಯಗಲ ಟೀವಿ, ಮೆತ್ತನೆಯ ಸೋಫಾ. ಧಾರಾವಾಹಿ ಶುರುವಾಯಿತು. ಸೊಸೆ ಅತ್ತೆಯನ್ನು ಅಣಕಿಸಿದಳು. ಮನೆಯವರು ಮೊದಲು ಯಜಮಾನರ ಮುಖ ನೋಡಿದರು. ಯಜಮಾನರು ನಕ್ಕರು. ಆಮೇಲೆ ಎಲ್ಲರೂ ನಕ್ಕರು! ದೊಡ್ಡಮ್ಮ ಚಹಾದ ಕಪ್ಪನ್ನು ಅರ್ಧಕ್ಕೇ ಇಟ್ಟು ಎದ್ದಳು.

"ಏನಾತವಾ? ಒಳ್ಳೇ ಮಂದಿ ಅದಾರಲ್ಲ?" ಎಂದು ಅಪ್ಪ ಹೊರಗೆ ಬಂದು ಪರದಾಡಿದರು.

"ರಿಮೋಟು ಆ ಮನುಷ್ಯಾನ ಅಂಗಿ ಕಿಸೆದಾಗ ಇತ್ತು. ನೀ ನೋಡ್ಲಿಲ್ಲೇನು?"

"ಕಳದು ಹೋಗತೈತಂತ ಇಟ್ಕೊಂಡಿರ್ತಾರ."

"ಟೀವಿ ಕಿಸೆದಾಗ ಹಿಡಸಂಗಿಲ್ಲ. ಹಿಡಸಿದ್ರ ಅದನ್ನೂ ಇಟ್ಕೊಳ್ತಿದ್ದ!"

ಸಂಬಂಧ ಅಲ್ಲಿಗೇ ಮುಗಿಯಿತು. ಅಕ್ಕನಿಗೆ ಮುಂದೆ ಕುಡತಿನಿಯ ಒಬ್ಬ ಹುಡುಗ ಗೊತ್ತಾದ. ಅಲ್ಲಿ ಇನ್ನೊಂದು ಫಜೀತಿ. ಸುತ್ತಲ ಸೀಮೆಗೆಲ್ಲ ಕರೆಂಟು ಹುಟ್ಟುವುದೇ ಆ ಊರಿನಲ್ಲಿ, ದೊಡ್ಡಮ್ಮ ಟೀವಿಯ ಮುಂದೆ ಕೂತ ಗಳಿಗೆಯಲ್ಲಿ ಆ ಮನೆಯಲ್ಲೇ ಕರೆಂಟಿಲ್ಲ! ಆಕೆ ಬಿಡುತ್ತಾಳೆಯೇ? "ಹೋದ ವಾರದ ಕಥೀನರ ಹೇಳ್ರಿ" ಎಂದಳು. ಮಾವ ಹೇಳತೊಡಗಿದರು. "ಹಂಗಲ್ಲ" ಎಂದು ಹಿರಿಸೊಸೆ ತಿದ್ದಿದಳು. "ಇಬ್ಬರಿಗೂ ಗೊತ್ತಿಲ್ಲ" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದರು. ಒಂದು ಕಥೆಗೆ ಮೂರು ಕಥೆಗಳಾದವು. ಕರೆಂಟು ಬರುವುದರೊಳಗೆ ದೊಡ್ಡಮ್ಮ ನಿಶ್ಚಿತಾರ್ಥಕ್ಕೆ ಹೂಂ ಅಂದಾಗಿತ್ತು. ಅಕ್ಕ ಈಗ ಅಲ್ಲಿ ಸುಖವಾಗಿದ್ದಾಳೆ, ದಪ್ಪಗೂ ಆಗಿದ್ದಾಳೆ.

ಇಷ್ಟೆಲ್ಲ ಬೇರೆಯವರ ಮದುವೆಯಾಗಿದ್ದಾಗ ತಮಾಷೆಯಾಗಿಯೇ ಇತ್ತು. ನನ್ನ ಸರದಿ ಬಂದಾಗ ತಮಾಷೆ ನಿಂತಿತು.

ನಾನು ಬಳ್ಳಾರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸಿರುಗುಪ್ಪದ ಒಬ್ಬ ಗಣಿತದ ಮಾಸ್ತರು ತಮ್ಮ ಅಪ್ಪನ ಸಕ್ಕರೆ ಪರೀಕ್ಷೆಗೆಂದು ಬರುತ್ತಿದ್ದರು. ಅವರ ಅಪ್ಪ ನಿವೃತ್ತ ಬಸ್ ಕಂಡಕ್ಟರು. ಎತ್ತರದ ಆಳು, ಗಿರಿಜಾ ಮೀಸೆ, ಸೂಜಿ ಕಂಡರೆ ಮಾತ್ರ ಕಣ್ಣು ಗಟ್ಟಿ ಮುಚ್ಚಿಕೊಳ್ಳುತ್ತಿದ್ದರು. "ಟಿಕೇಟು ಹರದಂಗಪಾ, ಅಷ್ಟಾ. ಮುಗದಾ ಹೋತು" ಎಂದು ಮಾಸ್ತರು ಅವರ ಇನ್ನೊಂದು ಕೈ ಹಿಡಿದಿರುತ್ತಿದ್ದರು. ಆ ಕೈ ಹಿಡಿದ ರೀತಿಗೇ ನಾನು ಸೋತದ್ದು. ಮಾತು ಬೆಳೆಯಿತು, ಮನೆಗೆ ತಿಳಿಯಿತು, ಪುಣ್ಯಕ್ಕೆ ಅಪ್ಪ ಅಮ್ಮ ಒಪ್ಪಿದರು. ಉಳಿದದ್ದು ದೊಡ್ಡಮ್ಮ. ಆಕೆ ಬೇಡವೆಂದರೆ ನಮ್ಮ ಮನೆಯಲ್ಲಿ ಅಪ್ಪನ ಮಾತೂ ನಡೆಯುವುದಿಲ್ಲ.

"ಈ ಭಾನುವಾರ ಹೋಗೂಣು. ಹುಡುಗಿನೂ ಬರಲಿ. ಬಾಳೇವು ಮಾಡಾಕಿ ಆಕಿ, ಮನಿ ನೋಡಾಕಷ್ಟ ನಾವೇನು?" ಎಂದಳು ದೊಡ್ಡಮ್ಮ.

ಆ ವಾರ ನಾನು ಊಟ ಮಾಡಿದ್ದು ನೆನಪಿಲ್ಲ. ಮಾಸ್ತರು ನಗುವುದು ಗೊತ್ತು. ಆದರೆ ಅವರ ಅವ್ವ? ಕಂಡಕ್ಟರು ರಿಮೋಟನ್ನು ಎಲ್ಲಿಡುತ್ತಾರೆ? ಟಿಕೇಟಿನ ಚೀಲ ಹೊತ್ತು ರೂಢಿಯಾದ ಮನುಷ್ಯ, ಅದರಲ್ಲೇ ಇಟ್ಟುಕೊಂಡಿದ್ದರೆ? ಲ್ಯಾಬಿನಲ್ಲಿ ಒಂದೇ ಕೈಗೆ ಎರಡೆರಡು ಸಲ ಸೂಜಿ ಚುಚ್ಚುತ್ತಿದ್ದೆ. "ಇವತ್ತಾ ಕೆಲಸಕ್ಕ ಸೇರಿಯೇನವಾ?" ಎಂದು ಒಬ್ಬ ಅಜ್ಜ ಕೇಳಿಯೂ ಬಿಟ್ಟ.

ಭಾನುವಾರ ಅಪ್ಪ, ಅಮ್ಮ, ದೊಡ್ಡಮ್ಮ, ನಾನು ಸಿರುಗುಪ್ಪಕ್ಕೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ನನಗೆ ಅನಾಹುತ ಅರ್ಥವಾಯಿತು. ಟೀವಿ ಆಗಲೇ ಹಚ್ಚಿದ್ದರು. ಅದರ ಎದುರಿಗೆ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ರಿಮೋಟನ್ನು ಒಂದು ತಟ್ಟೆಯಲ್ಲಿ, ಎಲೆ ಅಡಿಕೆಯ ಪಕ್ಕ, ಎಲ್ಲರಿಗೂ ಕಾಣುವಂತೆ ಇಡಲಾಗಿತ್ತು! ದೊಡ್ಡಮ್ಮನ ಕೀರ್ತಿ ಸಿರುಗುಪ್ಪ ಮುಟ್ಟಿತ್ತು. ಪ್ರಶ್ನೆಪತ್ರಿಕೆ ಬಯಲಾಗಿತ್ತು.

ಬಯಲಾದ ಪತ್ರಿಕೆಗೆ ಉತ್ತರ ಬರೆಯುವುದಾದರೂ ಬರಬೇಕಲ್ಲ? ಧಾರಾವಾಹಿ ಶುರುವಾದದ್ದೇ ತಡ, ಮಾಸ್ತರ ತಂದೆ ತಾಯಿ ಇಬ್ಬರೂ ಹೋ ಎಂದು ನಕ್ಕರು. ಇನ್ನೂ ಹೆಸರುಗಳು ಬರುತ್ತಿದ್ದವು! ಪಾತ್ರಗಳು ಬಾಗಿಲು ತೆಗೆದರೂ ನಗು, ನೀರು ಕುಡಿದರೂ ನಗು. ಮಾಸ್ತರು ನನ್ನ ಕಡೆ ನೋಡಿ ನಗುತ್ತಿದ್ದರು, ಅದು ಅಳುವಂತೆ ಕಾಣುತ್ತಿತ್ತು. ದೊಡ್ಡಮ್ಮನ ಮುಖ ಕಲ್ಲು. ಈ ಮನೆಗೆ ನಾನು ಸೊಸೆಯಾಗಿ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗುತ್ತ ಬಂತು, ಕಣ್ಣು ತುಂಬಿಕೊಂಡವು.

ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂತು. ಕಂಡಕ್ಟರು ಮನೆ ಅದುರುವಂತೆ ನಕ್ಕರು. ಅವರ ಹೆಂಡತಿಗೆ ತಡೆಯಲಾಗಲಿಲ್ಲ.

"ಅದು ಸಾಬಾನ್ರೀ! ಸಾಬಾನು ನೋಡಿ ಯಾರರ ನಗ್ತಾರೇನು? ನಿನ್ನಿಯಿಂದ ಬಡಕೊಳ್ಳಾಕತ್ತೀನಿ!"

"ನೀನಾ ತಿವದಿ, ಅದಕ ನಕ್ಕೆ!"

"ನಾ ತಿವದದ್ದು ಸುಮ್ನಿರ್ರಿ ಅಂತ!"

"ಸೀಟಿ ಒಂದ್ಸಲ ಊದಿದ್ರ ನಿಲ್ಲಸು, ಎರಡ್ಸಲ ಊದಿದ್ರ ಹೋಗು. ಬಸ್ಸಿಗರ ಒಂದು ಲೆಕ್ಕ ಐತಿ. ನಿನ್ನ ತಿವಿತಕ್ಕ ಲೆಕ್ಕಾನಾ ಇಲ್ಲ!"

"ಲೆಕ್ಕದ ಮಾತು ಆಡಬ್ಯಾಡ್ರಿ ನೀವು! ತವರುಮನಿ ಊರಾಗ ನನ್ನ ಇಳಿಸೂದು ಮರ್ತು ಆದೋನಿ ಮಟ ಒಯ್ದ ಮನುಷ್ಯಾ! ಮ್ಯಾಲೆ ನನಗಾ ಟಿಕೇಟು ಕೇಳಿದ್ರಿ!"

ಬೀಗರ ಮುಂದೆ ಮರ್ಯಾದೆ ಹೋಯಿತೆಂದು ನಾನು ತಲೆ ತಗ್ಗಿಸಿದೆ. ಆಗ ಮಾಸ್ತರು ನಕ್ಕರು, ನಿಜವಾಗಿ. ಅವರನ್ನು ನೋಡಿ ಕಂಡಕ್ಟರು ಮೀಸೆಯೊಳಗೇ ನಗತೊಡಗಿದರು. "ಡ್ಯೂಟಿ ಮ್ಯಾಲಿದ್ದೆ, ಹೆಂಗ ಬಿಡಾಕ ಬರತೈತಿ?" ಎಂದರು. ಹೆಂಡತಿ ಸೆರಗಿನಿಂದ ಅವರ ಭುಜಕ್ಕೊಂದು ಹೊಡೆದು ತಾವೂ ನಕ್ಕರು. ನನ್ನ ಪಕ್ಕದಲ್ಲಿ ಯಾರೋ ಉಸಿರು ಸಿಕ್ಕಿಕೊಂಡಂತೆ ಸದ್ದು ಮಾಡಿದರು. ತಿರುಗಿ ನೋಡಿದರೆ ದೊಡ್ಡಮ್ಮ! ಬಾಯಿಗೆ ಹಿಡಿದ ಸೆರಗು ಜಾರಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಕೆಗೆ ನಗು ಬರುತ್ತದೆಂಬುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಆದರೆ ಊಟ ಮುಗಿಸಿ ಹೊರಡುವವರೆಗೂ ಹೌದು ಅಲ್ಲ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಅಪ್ಪ ಅಮ್ಮ ಮುಂದೆ ಕೂತರು, ನಾನು ಆಕೆಯ ಪಕ್ಕ ಕೂತೆ. ಎರಡೂ ಕಡೆ ಭತ್ತದ ಗದ್ದೆಗಳು ಸರಿಯುತ್ತಿದ್ದವು. ನನಗೆ ಅವು ಕಾಣುತ್ತಿರಲಿಲ್ಲ.

"ದೊಡ್ಡಮ್ಮಾ, ಪಾಸೋ ಫೇಲೋ? ಹೇಳಿಬಿಡು."

"ಎಲ್ಲಾರೂ ಕಾಪಿ ಹೊಡದ್ರು," ಎಂದಳು. ಆಕೆ ನನ್ನ ಕಡೆ ತಿರುಗಿದಳು. "ಆಕಿ ಗಂಡಗ ಬೈದಳಲ್ಲ, ಆವಾಗ ಆಕಿ ಮಾರಿ ನೋಡಿದೇನು?"

"ನೋಡಿದೆ. ಸಿಟ್ಟಿತ್ತು."

"ಸಿಟ್ಟಿತ್ತು. ಅಂಜಿಕಿ ಇರಲಿಲ್ಲ. ಆ ಧಾರಾವಾಹಿನ್ಯಾಗೂ ಹಂಗಾ. ದಿನಾ ಬಡದಾಡ್ತಾರ, ಒಬ್ರಿಗೂ ಒಬ್ರ ಅಂಜಿಕಿ ಇಲ್ಲ. ನಾ ಅದನ್ನ ನೋಡಾಕ ಕುಂದರೂದು."

"ನಿಮ್ಮ ಮನಿಯಾಗ ಜಗಳಾನಾ ಇರಲಿಲ್ಲ. ನಿನಗೇನು ಗೊತ್ತು ಅಂಜಿಕಿ?" ಎಂದು ನಾನು ಹಗುರಾಗಿ ಅಂದೆ.

ಆಕೆ ಕಿಟಕಿಯ ಕಡೆ ತಿರುಗಿದಳು. "ನಿಮ್ಮ ದೊಡ್ಡಪ್ಪ ಮನಿಗೆ ಬಂದ ಕೂಡ್ಲೆ, ಚಪ್ಲಿ ಬಿಡೂಕಿಂತ ಮದ್ಲು, ಟೀವಿ ಮ್ಯಾಲೆ ಕೈ ಇಟ್ಟು ನೋಡತಿದ್ರು. ಬೆಚ್ಚಗೈತೇನಂತ, ಅವರಿಲ್ಲದಾಗ ನಾ ಹಚ್ಚಿದ್ನೇನಂತ. ಹಳೇ ಡಬ್ಬಿ ಟೀವಿ, ಜಲ್ದಿ ಆರತಿರಲಿಲ್ಲ. ನಾ ಒದ್ದಿ ಅರಿವಿ ಹಾಕಿ, ಬೀಸಣಿಕಿಲೆ ಗಾಳಿ ಬೀಸಿ ಆರಸ್ತಿದ್ದೆ."

"ಬೆಚ್ಚಗಿದ್ರ ಏನು ಮಾಡತಿದ್ರು?"

"ಜೋರು ಮಾತ್ರ ಮಾಡತಿರಲಿಲ್ಲ," ಎಂದಳು. "ಅದು ಊರಿಗೆಲ್ಲಾ ಗೊತ್ತಿರೂದಾ."

ನನಗೆ ಅಳು ಬಂತು. ಮುಂದಿನ ಸೀಟಿನಲ್ಲಿದ್ದ ಅಮ್ಮನಿಗೆ ಇದೊಂದೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆ ನನ್ನ ದೊಡ್ಡಮ್ಮ. ಆಕೆಯ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ.

"ಅಳಬ್ಯಾಡ, ಹುಚ್ಚಿ. ಅವನನ್ನಾ ಮಾಡಿಕೋ," ಎಂದಳು ದೊಡ್ಡಮ್ಮ. "ಸಿಟ್ಟು ಬಂದ ದಿನ ಗಂಡಗ ಬಾಯಿತುಂಬ ಬೈಯಿ. ನಾ ನಿಮ್ಮನಿಗೆ ಬಂದಾಗ ಒಂದ್ಸಲ ನನ್ನ ಎದುರಿಗೇ ಬೈಯವಾ. ಕುಂತು ನೋಡತೀನಿ."