ಹುಮನಾಬಾದಿನಲ್ಲಿ ತಂಪು ಮಾರಿದ ಬೇಸಿಗೆ

ಕಾರಿನ ಎಸಿಗೆ ಗ್ಯಾಸ್ ತುಂಬುವ ಕೆಲಸ ಹಿಡಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹಾರ್ನ್ ಹೊಡೆಯುತ್ತ ಅಂಗಡಿ ಮುಂದೆ ಬಂದು ನಿಲ್ಲುತ್ತವೆ. ನಡೆಯುವಾಗ ಮಾತ್ರ ನನಗೆ ಒಮ್ಮೆಯೂ ನಗು ಬಂದಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದು ಹುಮನಾಬಾದಿನ ಹೈವೇ ಬದಿಗೆ ಅಂಗಡಿ ಹಾಕಿದೆ. ಆಗ ನಮ್ಮ ಕಡೆ ಎಸಿ ಇರುವ ಕಾರೇ ಅಪರೂಪ. ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮಾವನವರಿಗೆ, ಅಳಿಯ ಗಾಳಿ ಮಾರಿ ಸಂಸಾರ ನಡೆಸುತ್ತಾನೆ ಎಂದು ಹೇಳಿಕೊಳ್ಳಲು ನಾಚಿಕೆ. "ಈ ಬ್ಯಾಸಗಿ ಒಂದು ನೋಡ್ತೀನ್ರಿ. ನಡೀಲಿಲ್ಲಂದ್ರ ಶಟರ್ ಇಳಿಸಿ ಕಲ್ಯಾಣಕ್ಕ ಬರ್ರಿ. ತೊಗರಿಬ್ಯಾಳಿ ಕಟ್ಟಿ ಕೊಡಾಕ ನನಗೂ ಒಬ್ಬರು ಬೇಕಾಗ್ಯಾರ" ಎಂದು ಗಡುವು ಕೊಟ್ಟರು. ದಿನವಿಡೀ ಮಾವನ ಕಣ್ಣೆದುರು ಬೇಳೆ ಕಟ್ಟುವುದನ್ನು ನೆನೆಸಿಕೊಂಡರೆ ನನಗೆ ಎಸಿ ಇಲ್ಲದೆಯೇ ನಡುಕ ಬರುತ್ತಿತ್ತು.

ಕಿಟಕಿ

ಒಬ್ಬ ಬಟ್ಟೆ ವ್ಯಾಪಾರಿ ಹೊಸ ಕಾರು ತಂದಿದ್ದರು. ತಂಪೇ ಬರುವುದಿಲ್ಲ ಎಂದು ದೂರು. ಮೀಟರ್ ಹಚ್ಚಿ ನೋಡಿದೆ. "ಗ್ಯಾಸ್ ಬರಾಬರ್ ಅದ್ರಿ" ಎಂದೆ. "ಗ್ಯಾಸ್ ಬರಾಬರ್ ಇದ್ರ ನಾ ಯಾಕ ಬೆವರಾಕತ್ತೇನಿ?" ಎಂದರು. ಅದೂ ನ್ಯಾಯವೇ. ಪಕ್ಕದಲ್ಲಿ ಕೂತು ಅವರ ಜೊತೆಗೇ ಒಂದು ಸುತ್ತು ಹೊರಟೆ.

ಬಜಾರು ಬಂದದ್ದೇ ತಡ, ಸಾಹುಕಾರರು ಕಿಟಕಿಗಳನ್ನೆಲ್ಲ ಇಳಿಸಿ, ಮೊಳಕೈ ಹೊರಗಿಟ್ಟು, ಎಡಬಲಕ್ಕೆ ತಲೆ ಆಡಿಸತೊಡಗಿದರು.

"ಸಾವ್ಕಾರ್ರ, ಗ್ಲಾಸ್ ಏರಸ್ರಿ. ತಂಪೆಲ್ಲಾ ಹೊರಗ ಹೊಂಟದ."

"ಏರಿಸಿದ್ರ ನಾ ಒಳಗ ಕೂತೀನಂತ ಮಂದಿಗಿ ಹ್ಯಾಂಗ ಗೊತ್ತಾಗಬೇಕು? ಶರಣು ಯಾರಿಗಿ ಮಾಡಬೇಕು, ಗ್ಲಾಸಿಗೇನು?"

"ಹಂಗಾರ ಊರ ಹೊರಗ ಹೋದ ಮ್ಯಾಲರ ಏರಸ್ರಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಊರ ಹೊರಗ ಎಸಿ ಯಾಕ ಬೇಕ್ರಿ? ಅಲ್ಲಿ ಗಾಳಿ ಹಂಗೇ ಬರ್ತದ."

ಕೊಸರು

ಧಾನ್ಯದ ಬಜಾರಿನ ಒಬ್ಬ ಅಡತಿ ವ್ಯಾಪಾರಿ. ಅವರು ಬಾಯಿಬಿಟ್ಟು ಹೊಗಳಿದರೆ ಇಡೀ ಅಡತಿ ಬಜಾರು ನನ್ನ ಅಂಗಡಿಗೆ ಬರುತ್ತಿತ್ತು, ಅಂದರೆ ಬೇಳೆ ಕಟ್ಟುವುದು ತಪ್ಪುತ್ತಿತ್ತು. ಹಾಗಾಗಿ ಜೀವ ಬಿಗಿಹಿಡಿದು, ಅಳತೆ ತಪ್ಪದಂತೆ ಗ್ಯಾಸ್ ತುಂಬಿ ವಾಲ್ವ್ ಮುಚ್ಚಿದೆ.

"ಕೊಸರು?" ಎಂದರು.

ತೂಕ ಆದ ಮೇಲೆ ಇನ್ನೊಂದು ಹಿಡಿ ಬೀಳದೆ ಅವರು ಬದುಕಿನಲ್ಲಿ ಏನನ್ನೂ ಕೊಂಡವರಲ್ಲ. ನಾನು ತಿಳಿಸಿ ಹೇಳಿದೆ: "ಇದಕ್ಕ ಕೊಸರು ಹಾಕಿದ್ರ ಪ್ರೆಶರ್ ಏರಿ ತಂಪು ಕಮ್ಮಿ ಆಗ್ತದ್ರಿ."

"ಹೆಚ್ಚಿಗಿ ಹಾಕಿದ್ರ ಕಮ್ಮಿ ಆಗೂ ಸಾಮಾನು ದುನಿಯಾದಾಗ ಎಲ್ಲೆರ ಅದ ಏನ್ರಿ? ಕೊಡೂ ಮನಸಿಲ್ಲಂದ್ರ ಇಲ್ಲ ಅನ್ರಿ."

ಆ ಮಾತಿಗೆ ಹೆದರಿ ಒಂದಿಷ್ಟು ಬಿಟ್ಟೆ. ಮರುದಿನ ಕರ್ಚೀಫು ಹಿಂಡುತ್ತ ಬಂದರು. ಹೆಚ್ಚಾದದ್ದನ್ನು ಹೊರಗೆ ತೆಗೆದೆ; ತಂಪು ಬಂತು. ತಮ್ಮ ವಾದ ಸೋತದ್ದಕ್ಕಾದರೂ ಒಂದು ಒಳ್ಳೆಯ ಮಾತು ಆಡುತ್ತಾರೆ ಎಂದು ಕಾದು ನಿಂತೆ.

"ಈಗ ತಗದ್ರಲ್ಲ, ಅದು ನಂದು" ಎಂದರು. "ಒಂದು ಚೀಲದಾಗ ಹಾಕಿ ಕೊಡ್ರಿ."

ಮಾವನ ಮನೆಯ ಲಗ್ನ

ಬೇಸಿಗೆ ಮುಗಿಯುವ ಮೊದಲೇ ಕಲ್ಯಾಣದಲ್ಲಿ ನಾದಿನಿಯ ಲಗ್ನ ಬಂತು. ಚಿಟಗುಪ್ಪದ ಮದುಮಗನನ್ನು ಎಸಿ ಕಾರಿನಲ್ಲೇ ಮೆರೆಸಬೇಕೆಂದು ಮಾವನವರು ಪರಿಚಯದವರ ಕಾರು ತರಿಸಿದರು. ಗ್ಯಾಸ್ ತುಂಬುವ ಜವಾಬ್ದಾರಿ ನನ್ನದು. "ಇವತ್ತ ತಂಪ ಬರಲಿಲ್ಲಂದ್ರ ನಾಳಿಂದ ಬ್ಯಾಳಿ ಕಟ್ರಿ" ಎಂದು ತೀರ್ಪನ್ನೂ ಮೊದಲೇ ಹೇಳಿಟ್ಟರು.

ಮುಂಜಾನೆ ಗ್ಯಾಸ್ ತುಂಬಿ ಒಳಗೆ ಕೂತು ನೋಡಿದೆ. ಶಾಲು ಹೊದೆಯುವಷ್ಟು ತಂಪು. ನಿಶ್ಚಿಂತೆಯಿಂದ ಉಪ್ಪಿಟ್ಟು ತಿನ್ನಲು ಹೋದೆ. ತಿಂದು ಬರುವುದರೊಳಗೆ ಹೂವಿನವನು ಬಂದು, ಕಾರಿನ ಮೂತಿಗೆ ಬೆರಳು ತೂರದಂತೆ ಚೆಂಡುಹೂವಿನ ಹಾರ ಬಿಗಿದು ಹೋಗಿದ್ದ. ಎಸಿಗೆ ಗಾಳಿ ಆಡಬೇಕಾದದ್ದೇ ಆ ಮೂತಿಯ ಜಾಲರಿಯಲ್ಲಿ. ನನಗೆ ಅದು ಹೊಳೆಯುವ ಮೊದಲೇ ಮೆರವಣಿಗೆ ಹೊರಟಿತು.

ಬ್ಯಾಂಡಿನ ಹಿಂದೆ ಕಾರು ತೆವಳತೊಡಗಿತು. ಸ್ವಲ್ಪ ಹೊತ್ತಿಗೇ ಒಳಗೆ ಬಿಸಿಗಾಳಿ. ಕೋಟು, ರುಮಾಲು, ಬಾಸಿಂಗದೊಳಗೆ ಮದುಮಗ ಬೇಯುತ್ತಿದ್ದ. ಹಣೆಯ ವಿಭೂತಿ ಕರಗಿ ಮೂಗಿಗೆ ಇಳಿದಿತ್ತು. ಮಾವನವರು ಬಂದು ಬಗ್ಗಿ ನೋಡಿದರು. ನನ್ನ ಕಡೆ ತಿರುಗಿ "ಬ್ಯಾಳಿ" ಎಂದಷ್ಟೇ ಹೇಳಿ ಮಂಟಪಕ್ಕೆ ಹೋದರು.

ಓಡಿಹೋಗಿ ಹಾರಕ್ಕೆ ಕೈ ಹಾಕಿದೆ. ಮದುಮಗನ ಸೋದರತ್ತೆ ನನ್ನ ಮುಂಗೈ ಹಿಡಿದರು. "ಅಕ್ಕಿಕಾಳು ಬೀಳೂತನಾ ಹೂವಿಗಿ ಯಾರೂ ಕೈ ಹಚ್ಚಬಾರದು! ಅಪಶಕುನ!"

ಕೈ ಹಚ್ಚಬಾರದು, ಸರಿ. ಗಾಳಿ ಹಚ್ಚಬಹುದಲ್ಲ? ಡ್ರೈವರನ ಕಿವಿಯಲ್ಲಿ ಹೇಳಿದೆ: "ನಾರಾಯಣಪುರದ ರಸ್ತಾಕ್ಕ ಹೊಡದು ಜೋರ್ ಓಡಸು. ಹೂವು ಹಾರಿದ ಕೂಡಲೇ ಹೊಳ್ಳಿ ಬಾ." ಕಾರು ಪಕ್ಕದ ಓಣಿಗೆ ತಿರುಗಿ ಮಾಯವಾಯಿತು.

ಬ್ಯಾಂಡಿನವರು ಹಿಂದೆ ನೋಡುವ ಪೈಕಿ ಅಲ್ಲ. ಕುಣಿಯುವವರು ಕುಣಿದರು, ಮೆರವಣಿಗೆ ಸಾಂಗವಾಗಿ ಮಂಟಪಕ್ಕೆ ಬಂತು. ಆರತಿ ಹಿಡಿದು ನಿಂತವರ ಮುಂದೆ ಬ್ಯಾಂಡು ಇದೆ, ಬೀಗರಿದ್ದಾರೆ, ಮದುಮಗನೊಬ್ಬನೇ ಇಲ್ಲ. "ಓಡಿ ಹೋದ!" ಎಂದು ಯಾರೋ ಕೂಗಿದರು. ಸೋದರತ್ತೆ ಗೋಳೋ ಎಂದು ಅಳತೊಡಗಿದರು. ಮಾವನವರು ಮೆಟ್ಟಿಲ ಮೇಲೆ ಕುಸಿದು ಕೂತರು.

"ಓಡಿ ಹೋಗಿಲ್ರಿ ಮಾವಾ" ಎಂದೆ. "ನಾನೇ ಕಳಿಸೀನಿ."

"ಎಲ್ಲಿಗಿ?"

"ಗಾಳಿಗಿ."

ಆಗ ಮಾವನವರು ನನ್ನನ್ನು ನೋಡಿದ ನೋಟಕ್ಕೆ ನಿಜವಾಗಿಯೂ ಹೆದರಿದೆ. ಕೈಯಲ್ಲಿ ಮೊಬೈಲ್ ಇಲ್ಲದ ಕಾಲ. ರಸ್ತೆ ನೋಡುವುದೊಂದೇ ದಾರಿ. ಲಗ್ನ ಮಾಡಿಸುವ ಅಯ್ಯನವರು ಗಡಿಯಾರ ನೋಡಿದರು, ನಾನು ನೆಲ ನೋಡಿದೆ.

ಅಂತೂ ಮುಹೂರ್ತ ಮೀರುವ ಹೊತ್ತಿಗೆ ಬೋಳು ಮೂತಿಯ ಕಾರು ಬಂತು. ಇಳಿದ ಮದುಮಗನ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. "ಭಾಳ ತಂಪದ್ರಿ!" ಎಂದ ಖುಷಿಯಿಂದ. "ಇನ್ನೊಂದು ಸುತ್ತ ಹೋಗೂಣು ಅಂದೆ, ಡ್ರೈವರ್ ಕೇಳಲಿಲ್ಲ."

ಅಕ್ಕಿಕಾಳು ಬಿತ್ತು, ಲಗ್ನ ಆಯಿತು. ಊಟವಾದ ಮೇಲೆ ಮಾವನವರು ನನ್ನನ್ನು ಮೂಲೆಗೆ ಕರೆದರು. ಬೇಳೆಯ ತಕ್ಕಡಿಯೇ ಕಣ್ಣ ಮುಂದೆ ಬಂತು. ಆದರೂ ಧೈರ್ಯ ಮಾಡಿ, "ತಂಪಂತೂ ಬಂತಲ್ರಿ ಮಾವಾ" ಎಂದೆ.

ಅವರು ಎರಡೂ ಕೈ ಜೋಡಿಸಿದರು. "ಬಂತ್ರಿ, ಅಳಿಯಂದ್ರ. ನೀವು ಹುಮನಾಬಾದದಾಗೇ ಅಂಗಡಿ ನಡಸ್ರಿ. ಕಲ್ಯಾಣಕ್ಕ ಮಾತ್ರ ಬರಬ್ಯಾಡ್ರಿ. ನಂದು ಇನ್ನೂ ಒಬ್ಬಾಕಿ ಮಗಳು ಲಗ್ನಕ್ಕ ಅದಾಳ."